ಹುಕ್ಕೇರಿ ಬೋರ್ಡಿಂಗಿನ ಕೆಂಪು ಚುಕ್ಕೆಗಳು

"ನಿಮ್ಮ ಮನಿ ಬಾಗ್ಲಾ ಒರಸ್ಕೊಂಡು ನೋಡೀರೇನು?" ಎಂದು ನನ್ನನ್ನು ಕೇಳಿದವರು ಯಾರೆಂಬುದು ಈಗ ನನಗೆ ಖಚಿತವಿಲ್ಲ. ಬೋರ್ಡಿಂಗಿನಲ್ಲಿ ಅಡುಗೆ ಮಾಡುತ್ತಿದ್ದ ಚನ್ನವ್ವ ಕೇಳಿದಳೆಂದು ಒಮ್ಮೆ ಅನ್ನಿಸುತ್ತದೆ. ನನ್ನ ಜವಾನ ಬಾಳಪ್ಪ ಸರ್ವಿಸ್ ಮೋಟಾರಿನಲ್ಲಿ ಪೆಟ್ಟಿಗೆ ಹಿಡಿದು ಕೂತವನು ನಗುತ್ತ ಕೇಳಿದನೆಂದು ಇನ್ನೊಮ್ಮೆ ಅನ್ನಿಸುತ್ತದೆ. ನಿವೃತ್ತನಾಗುವ ಹೊತ್ತಿಗೆ ಎರಡು ಮೂರು ಸಭೆಗಳಲ್ಲಿ ಆ ಪ್ರಶ್ನೆ ನನಗೇ ಹೊಳೆಯಿತೆಂದು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೇನೆ. ಮೂರೂ ನಿಜವಾಗಿರಲು ಸಾಧ್ಯವಿಲ್ಲ. ಆದ್ದರಿಂದ ಮುಂದೆ ಬರೆದಿರುವುದನ್ನು ಸ್ವಲ್ಪ ಸಂಶಯ ಇಟ್ಟುಕೊಂಡೇ ಓದಬೇಕು.

ಇದನ್ನು ಬರೆಯಲು ಕಾರಣ ನನ್ನ ತಮ್ಮನ ಮಗಳು. ಅವಳು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದಾಳೆ. ಅಲ್ಲಿಯ ಹುಡುಗರು ಆವರಣದಲ್ಲೆಲ್ಲ ಓಡಾಡಿ ಬಾಗಿಲ ಹಿಡಿಕೆ, ನಲ್ಲಿ, ಗ್ರಂಥಾಲಯದ ಮೇಜು, ಮೆಟ್ಟಿಲ ಕಟಕಟೆ ಎಲ್ಲವನ್ನೂ ಹತ್ತಿಯಿಂದ ಒರೆಸಿ ತಂದು, ಎಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆಯೆಂದು ಎಣಿಸುತ್ತಾರಂತೆ. "ದೊಡ್ಡಪ್ಪಾ, ನೀವು ಇದನ್ನ ಆವಾಗ್ಲೇ ಮಾಡ್ತಿದ್ರಂತಲ್ಲ, ನಮ್ಮ ಹುಡುಗರಿಗೆ ಏನಾದ್ರೂ ಬರೆದು ಕೊಡ್ರಿ" ಎಂದಳು. ಮಾಡುತ್ತಿದ್ದೆ, ನಿಜ. ಹೇಗೆ ಮಾಡುತ್ತಿದ್ದೆ ಎಂಬುದನ್ನು ಅವಳು ಕೇಳಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಹಿಂದಿನ ಮಾತು. ನಾನು ಮುಂಬಯಿಯಲ್ಲಿ ಪದವಿ ಪಡೆದು ಬಂದವನು. ವಿಷಮಶೀತ ಜ್ವರದ ಹಾವಳಿ ಹೆಚ್ಚಿದಾಗ ಗೋಕಾಕದ ದವಾಖಾನೆಯ ಹಿಂದೆ ಒಂದು ಕೋಣೆಯಲ್ಲಿ ತಾತ್ಕಾಲಿಕ ಪ್ರಯೋಗಾಲಯ ತೆರೆದು ನನ್ನನ್ನು ಅಲ್ಲಿ ಕೂರಿಸಿದ್ದರು. ಕರೆಂಟು ಇರಲಿಲ್ಲ. ಎರಡು ಪದರದ ತಗಡಿನ ಪೆಟ್ಟಿಗೆ, ನಡುವೆ ನೀರು, ಕೆಳಗೆ ಚಿಮಣಿ ದೀಪ. ಒರೆಸಿ ತಂದದ್ದನ್ನು ಪೋಷಕ ಲೇಪ ಹಾಕಿದ ಗಾಜಿನ ತಟ್ಟೆಗೆ ಸವರಿ ಇದರೊಳಗಿಟ್ಟರೆ, ಬ್ಯಾಕ್ಟೀರಿಯಾ ಎರಡು ದಿನದಲ್ಲಿ ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆಯುತ್ತಿದ್ದವು. ಮೈಯ ಕಾವಿನಷ್ಟೇ ಕಾವು ಅದರೊಳಗೆ ನಿಲ್ಲಬೇಕು. ಬತ್ತಿ ಒಂದು ಎಳೆ ಹೆಚ್ಚು ಏರಿದರೂ ಎರಡು ದಿನದ ಕೆಲಸ ಹಾಳು.

ನನ್ನ ಮೇಲಧಿಕಾರಿಯನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರಿಗೆ ಬಾವಿಯ ನೀರಿನ ಮೇಲೆ ಮಾತ್ರ ನಂಬಿಕೆ. ಎಲ್ಲಿ ಜ್ವರ ಬಂತೆಂದು ಸುದ್ದಿ ಬಂದರೂ ಬ್ಲೀಚಿಂಗ್ ಪುಡಿಯ ಡಬ್ಬ ಮೋಟಾರಿನಲ್ಲಿ ಹೇರಿಸಿ, ಬಾವಿಗೆ ಸುರಿಸಿ, ವರದಿ ಬರೆದು ಮುಗಿಸುತ್ತಿದ್ದರು. ಜನ ದಿನಕ್ಕೆ ನೂರು ಸಲ ಮುಟ್ಟುವ ಚಿಲಕ, ಸೌಟು, ಮುಚ್ಚಳಗಳನ್ನೂ ನೋಡಬೇಕೆಂದು ನಾನು ಹಟ ಹಿಡಿದೆ. "ನೋಡು, ನೋಡು, ನಿನಗ ಬ್ಯಾರೆ ಉದ್ಯೋಗ ಇಲ್ಲ" ಎಂದು ಬಿಟ್ಟರು. ಬಾವಿ ಅವರದು, ಬಾಗಿಲು ನನ್ನದು ಎಂಬಂಥ ಒಂದು ಗಡಿ ಆಗ ಬಿತ್ತು. ಆ ಗಡಿಯಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ಮೊದಲ ತಪ್ಪು ಮೂಡಲಗಿಯಲ್ಲಿ. ಅಲ್ಲಿಯ ಸಾಲೆಯ ಬಾಗಿಲು, ಪಾಟಿ, ಗಡಿಗೆಯ ಮುಚ್ಚಳ ಎಲ್ಲ ಒರೆಸಿದೆ. ಹತ್ತಿ ಸುತ್ತಿದ ಕಡ್ಡಿಗಳನ್ನು ಗಾಜಿನ ನಳಿಗೆಗಳಲ್ಲಿಟ್ಟು, ಆ ಪೆಟ್ಟಿಗೆಯನ್ನು ಮೋಟಾರಿನ ತಲೆಯ ಮೇಲೆ ಕಟ್ಟಿಸಿದೆ. ಬೇಸಿಗೆಯ ನಡು ಮಧ್ಯಾಹ್ನ. ದಾರಿಯಲ್ಲಿ ಮೋಟಾರು ಕೆಟ್ಟು ಮೂರು ತಾಸು ಬಿಸಿಲಲ್ಲಿ ನಿಂತಿತು. ಎರಡು ದಿನದ ಮೇಲೆ ನೋಡಿದರೆ ತಟ್ಟೆಗಳಲ್ಲಿ ಒಂದು ಚುಕ್ಕೆಯೂ ಇಲ್ಲ. ಇಡೀ ತಾಲೂಕಿನಲ್ಲಿ ಇಷ್ಟು ಸ್ವಚ್ಛ ಸಾಲೆ ಇಲ್ಲವೆಂದು ಬರೆದು ಕಳಿಸಿದೆ. ಅಲ್ಲಿಯ ಹೆಡ್‌ಮಾಸ್ತರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಿಸಿಲಿಗೆ ಎಲ್ಲ ಬೆಂದುಹೋಗಿದೆ ಎಂದು ಕಂಡುಹಿಡಿದವನು ಬಾಳಪ್ಪ. ನಳಿಗೆ ಮುಚ್ಚಿದ್ದ ಮೇಣ ಕರಗಿ ಪೆಟ್ಟಿಗೆಯ ತಳಕ್ಕೆ ಅಂಟಿದ್ದನ್ನು ತೋರಿಸಿ, "ಸಾಹೇಬ್ರ, ಇದರಾಗ ಶೇಂಗಾ ಇಟ್ಟಿದ್ರ ಹುರದು ಬರ್ತಿದ್ವು" ಎಂದ. ನಗಬಹುದಾದ ತಪ್ಪು. ಮುಂದಿನದು ಹಾಗಿರಲಿಲ್ಲ.

ಹುಕ್ಕೇರಿಯಲ್ಲಿ ಒಂದು ಸಾಲೆ, ಅದಕ್ಕೆ ಸೇರಿದಂತೆ ಹಳ್ಳಿಯ ಹುಡುಗರು ಉಳಿಯುವ ಬೋರ್ಡಿಂಗು. ಸಂಸ್ಥೆಯ ಹೆಸರು ಬೇಡ. ಶ್ರಾವಣದಲ್ಲಿ ಅಲ್ಲಿ ಜ್ವರ ಹೊಕ್ಕಿತು. ಒಬ್ಬರ ಹಿಂದೆ ಒಬ್ಬರಂತೆ ಹುಡುಗರು ಮಲಗಿದರು. ನಾಗನೂರಿನ ಹುಡುಗನೊಬ್ಬ ತೀರಿಕೊಂಡ. ದೊಡ್ಡ ಡಾಕ್ಟರು ಹೋಗಿ ಬಾವಿಗೆ ಪುಡಿ ಹಾಕಿ ಬಂದಿದ್ದರು. ಆಮೇಲೂ ಹುಡುಗರು ಮಲಗುವುದು ನಿಲ್ಲಲಿಲ್ಲ. ಆಗ ನನ್ನನ್ನು ಕಳಿಸಿದರು.

ನಾನು ಬರುವುದಾಗಿ ಒಂದು ದಿನ ಮೊದಲೇ ಕಾಗದ ಹೋಗಿತ್ತು. ಅದು ನಮ್ಮ ಖಾತೆಯ ಪದ್ಧತಿ. ಹೋದಾಗ ಬೋರ್ಡಿಂಗಿನ ಮೇಲ್ವಿಚಾರಕರಾದ ಹಿರೇಮಠ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಾಲಿಟ್ಟರೆ ನೆಲ ಕನ್ನಡಿಯಂತೆ ಸಾರಿಸಿದೆ. ಹೊಸ್ತಿಲಿಗೆ ರಂಗೋಲಿ. ಅಡುಗೆಮನೆಯ ಒಲೆ, ಕಟ್ಟೆ, ಗೋಡೆಯ ಬುಡ ಇನ್ನೂ ಹಸಿಯಾಗಿದ್ದವು. ಬೆಲ್ಲದ ಬಾಗೇವಾಡಿಯ ಚನ್ನವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಐವತ್ತರ ಆಜೂಬಾಜು ವಯಸ್ಸು, ಹಣೆಯ ತುಂಬ ವಿಭೂತಿ. ಹುಡುಗರು ಅವಳನ್ನು ಚನ್ನಕ್ಕ ಎನ್ನುತ್ತಿದ್ದರು.

ನಾನು ಕಡ್ಡಿ ತೆಗೆದು ಅಡುಗೆಮನೆಯ ಚಿಲಕ ಒರೆಸತೊಡಗಿದಾಗ ಅವಳು ನೋಡುತ್ತ ನಿಂತಳು.

"ಧೂಳಿ ಐತೇನ್ರಿ ಸಾಹೇಬ್ರ?"

"ಧೂಳಿ ಅಲ್ಲ ಬೇ. ಕಣ್ಣಿಗೆ ಕಾಣದ್ದು ಇರ್ತೈತಿ."

"ಕಣ್ಣಿಗೆ ಕಾಣದ್ದು ಕಡ್ಡಿಗಿ ಹತ್ತತೈತೇನ್ರಿ? ಹತ್ತಲಿ ಬಿಡ್ರಿ. ಒಲಿ ಬೂದಿ ಒಂದ ಬಿಟ್ಟು ಎಲ್ಲಾ ತಿಕ್ಕೇನಿ."

ಚಿಲಕ, ನೀರು ತುಂಬಿಡುವ ಹರವಿಯ ಮುಚ್ಚಳ, ಸೌಟು, ಹಿಟ್ಟಿನ ಡಬ್ಬಿಯ ಹಿಡಿಕೆ, ಓದುವ ಕೋಣೆಯ ಬಾಗಿಲು, ಪಾಯಖಾನೆಯ ಬಾಗಿಲು ಎಲ್ಲವನ್ನೂ ಒರೆಸಿದೆ. ಬಾವಿಯ ಹಗ್ಗವನ್ನು ಮಾತ್ರ ಒರೆಸಲಿಲ್ಲ. ಅದು ದೊಡ್ಡ ಡಾಕ್ಟರ ಬಾವಿಗೆ ಸೇರಿದ್ದು. ಈಗ ಓದಿದರೆ ಹುಚ್ಚುತನವೆನಿಸುತ್ತದೆ. ಆಗ ಅದು ಶಿಸ್ತು ಅನ್ನಿಸಿತ್ತು.

ಹೊರಡುವ ಮೊದಲು ಇನ್ನೊಂದು ಕೇಳಬೇಕಿತ್ತು. ಕೆಲವರಿಗೆ ಜ್ವರ ವಾಸಿಯಾದ ಮೇಲೂ ಹೊಟ್ಟೆಯೊಳಗೆ ಅದರ ಬ್ಯಾಕ್ಟೀರಿಯಾ ಉಳಿದುಬಿಡುತ್ತವೆ. ಅಂಥವರು ಆರೋಗ್ಯವಾಗಿರುತ್ತಾರೆ, ಆದರೆ ಅವರ ಕೈಯಿಂದ ಇತರರಿಗೆ ರೋಗ ಹರಡುತ್ತದೆ. ಅಡುಗೆ ಮಾಡುವವರಲ್ಲಿ ಇದನ್ನು ನೋಡಲೇಬೇಕು. ಅದಕ್ಕೆ ಅವರ ಮಲ ಪರೀಕ್ಷಿಸಬೇಕು. ನಾನು ಒಂದು ಸಣ್ಣ ಡಬ್ಬಿ ಮುಂದೆ ಹಿಡಿದು, ಸುತ್ತಿಬಳಸಿ ವಿಷಯ ಹೇಳಿದೆ. ಚನ್ನವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಮುಖ ಕೆಂಪಾಯಿತು.

"ಅದನ್ನ ಈ ಡಬ್ಬ್ಯಾಗ ಹಾಕಿ ಕೊಡ್ಬೇಕು? ನಾ? ಮಾಸ್ತರ, ಇವರು ಏನ್ ಕೇಳಾಕತ್ತಾರ ಕೇಳ್ರಿ ಇಲ್ಲಿ!"

ಹಿರೇಮಠ ಮಾಸ್ತರು ಗೋಡೆ ನೋಡಿದರು.

"ನಿಮ್ಮವ್ವಗ ಕೇಳ್ತಿದ್ದಿರೇನ್ರಿ ಇದನ್ನ?" ಎಂದಳು ನನಗೆ. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಆದರೆ ನನ್ನ ಪುಸ್ತಕದಲ್ಲಿ 'ನಿರಾಕರಿಸಿದಳು' ಎಂದು ಬರೆದುಕೊಂಡೆ.

ಅಂಗಳದಲ್ಲಿ ಒಬ್ಬ ರೈತ ಕೂತಿದ್ದ. ತೀರಿಕೊಂಡ ಹುಡುಗನ ತಂದೆ. ಮಗನ ಟ್ರಂಕು ಒಯ್ಯಲು ನಾಗನೂರಿನಿಂದ ಬಂದಿದ್ದ. ಟ್ರಂಕನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಮೇಲೆ ಒಂದು ಕೈ ಊರಿದ್ದ. ನಾನು ದಾಟುವಾಗ ಎದ್ದು ನಿಂತ.

"ಸಾಹೇಬ್ರ, ನೀವು ದೊಡ್ಡ ಸಾಲಿ ಕಲ್ತವ್ರಂತ. ನನ್ನ ಮಗ ಯಾರ ಕೈಯಿಂದ ಹ್ವಾದ, ಅಷ್ಟ ಹೇಳ್ರಿ. ಮತ್ತೇನೂ ಬ್ಯಾಡ."

"ನೋಡಿ ಹೇಳ್ತೇನಿ ಕಾಕಾ" ಎಂದೆ. ಈ ಮಾತು ಆಡಬಾರದಿತ್ತು. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಹೇಳುತ್ತೇನೆ: ದುಃಖದಲ್ಲಿರುವವರು ಹೆಸರು ಕೇಳುತ್ತಾರೆ, ತಟ್ಟೆಯಲ್ಲಿ ಹೆಸರು ಬೆಳೆಯುವುದಿಲ್ಲ. ನಮ್ಮ ತಟ್ಟೆಯಲ್ಲಿ ಬೆಳೆಯುತ್ತಿದ್ದುದು ಎರಡು ಬಗೆ. ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಬ್ಯಾಕ್ಟೀರಿಯಾ ಬಿದ್ದಿದ್ದರೆ ಕೆಂಪು ಚುಕ್ಕೆ, ಜ್ವರದ್ದಾದರೆ ಬಣ್ಣವಿಲ್ಲದ ಚುಕ್ಕೆ. ಕೆಂಪು ಚುಕ್ಕೆ ಕಂಡರೆ ಅಲ್ಲಿ ಮಲ ತಾಗಿದೆ ಎಂದು ಅರ್ಥ.

ಈ ಸಲ ಪೆಟ್ಟಿಗೆಯನ್ನು ಬಾಳಪ್ಪ ಒದ್ದೆ ಬಟ್ಟೆ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಗೋಕಾಕಕ್ಕೆ ತಂದ. ಎರಡನೆಯ ದಿನ ತಟ್ಟೆಗಳ ಮುಚ್ಚಳ ತೆಗೆದೆ. ಅಡುಗೆಮನೆಯ ಚಿಲಕದ ತಟ್ಟೆ ಕುಂಕುಮ ಚೆಲ್ಲಿದಂತಿತ್ತು. ಹರವಿಯ ಮುಚ್ಚಳ, ಸೌಟು, ಹಿಟ್ಟಿನ ಡಬ್ಬಿ ಎಲ್ಲ ಹಾಗೆಯೇ. ಹುಡುಗರ ಓದುವ ಕೋಣೆಯಲ್ಲಿ ಏನೂ ಇಲ್ಲ. ಪಾಯಖಾನೆಯ ಬಾಗಿಲಲ್ಲೂ ಬೆರಳೆಣಿಕೆಯಷ್ಟು ಮಾತ್ರ. ಅಂದರೆ ಚನ್ನವ್ವನ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲಲ್ಲಿ ಮಾತ್ರ ಕೆಂಪು. ಬಣ್ಣವಿಲ್ಲದ ಚುಕ್ಕೆ ಎಲ್ಲೂ ಇರಲಿಲ್ಲ. ಅದನ್ನು ಗಮನಿಸಿದೆ, ಆದರೆ ಬಿಟ್ಟುಬಿಟ್ಟೆ. ನನ್ನ ಕಣ್ಣ ಮುಂದೆ ಅಂಗಳದ ಆ ರೈತನಿದ್ದ. 'ಅಡುಗೆಯವಳು ರೋಗ ಹರಡುತ್ತಿರುವ ಸಂಭವ ಬಲವಾಗಿದೆ. ಪರೀಕ್ಷೆಗೂ ಒಪ್ಪಿಲ್ಲ. ತಕ್ಷಣ ದೂರವಿಡತಕ್ಕದ್ದು' ಎಂದು ವರದಿ ಬರೆದು ಅಂದೇ ಕಳಿಸಿದೆ.

ವರದಿ ಮುಟ್ಟಿದ ದಿನವೇ ಚನ್ನವ್ವನನ್ನು ಹೊರಗೆ ಹಾಕಿದರು. ಅವಳ ಊರಿನಲ್ಲಿಯೂ ಸುದ್ದಿ ಹಬ್ಬಿತು. ಬೆಲ್ಲದ ಬಾಗೇವಾಡಿಯ ಬಾವಿಯಲ್ಲಿ ಅವಳು ಕೊಡ ಇಳಿಸಲು ಹೋದಾಗ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಸರಿದು ನಿಂತರಂತೆ. ಇದನ್ನು ನನಗೆ ಹೇಳಿದವನು ಬಾಳಪ್ಪ. ಅವನ ಬೀಗರ ಮನೆ ಅಲ್ಲೇ. ಪ್ರಾಯಶಃ ಆಗಲೇ ಆ ಪ್ರಶ್ನೆಯೂ ಬಂತು, ಅವನದೋ, ಅವಳು ಹೇಳಿ ಕಳಿಸಿದ್ದೋ: "ನಿಮ್ಮ ಮನಿ ಬಾಗ್ಲಾ ಒರಸ್ಕೊಂಡು ನೋಡೀರೇನು?"

ಯಾರೇ ಕೇಳಿರಲಿ, ನಾನು ಒರೆಸಿದೆ. ಮುಂಜಾನೆ ನನ್ನ ಹೆಂಡತಿ ಹೊಸ್ತಿಲು, ಒಲೆ, ಅಡುಗೆಮನೆಯ ನೆಲ ಸಾರಿಸಿ ಮುಗಿಸಿದ್ದಳು. ಅವಳು ನೋಡುತ್ತಿರುವಂತೆಯೇ ಚಿಲಕ, ಮುಚ್ಚಳ, ಸೌಟು ಒರೆಸಿಕೊಂಡು ಹೋದೆ. ಎರಡು ದಿನದ ಮೇಲೆ ಮುಚ್ಚಳ ತೆಗೆದರೆ ನನ್ನ ಮನೆಯ ತಟ್ಟೆ ಬೋರ್ಡಿಂಗಿನದಕ್ಕಿಂತ ಕೆಂಪು.

ಆಗ ತಲೆಗೆ ಹೊಳೆಯಿತು. ಹೆಂಡಿ! ಸಾರಿಸುವುದು ಆಕಳ ಹೆಂಡಿಯಿಂದ, ಅಂದರೆ ಸಗಣಿಯಿಂದ. ಸಾರಿಸಿದ ಕೈಯನ್ನು ತಂಬಿಗೆ ನೀರಿನಲ್ಲಿ ತೊಳೆದು, ಅದೇ ಕೈಯಿಂದ ಚಿಲಕ ತೆಗೆಯುತ್ತಾರೆ, ಮುಚ್ಚಳ ಎತ್ತುತ್ತಾರೆ. ಆಕಳ ಕರುಳಿನದೂ ನನ್ನ ತಟ್ಟೆಯಲ್ಲಿ ಕೆಂಪು, ಮನುಷ್ಯನದೂ ಕೆಂಪು. ಸರಕಾರದ ಸಾಹೇಬ ಬರುತ್ತಾನೆಂದು ಚನ್ನವ್ವ ಅಂದು ಎರಡು ಸಲ ಸಾರಿಸಿದ್ದಳು. ಅವಳು ಎಷ್ಟು ಚೊಕ್ಕ ಮಾಡಿದ್ದಳೋ ನನ್ನ ತಟ್ಟೆಯಲ್ಲಿ ಅಷ್ಟು ಹೊಲಸು ಕಂಡಿತ್ತು. ಬರುತ್ತೇವೆಂದು ಮುಂಚಿತವಾಗಿ ಕಾಗದ ಕಳಿಸಿದವರು ನಾವೇ. ಹಸಿ ನೆಲವನ್ನು ತುಳಿದುಕೊಂಡು ಹೋದವನು ನಾನೇ.

ಸಂಗತಿ ಹೇಳಿದಾಗ ಹೆಂಡತಿ, "ನನ್ನೂ ಕೆಲಸದಿಂದ ತಗದ ಹಾಕ್ತೀರೇನು ಮತ್ತ?" ಎಂದಳು. ನಾನು ನಗಲಿಲ್ಲ.

ದೊಡ್ಡ ಡಾಕ್ಟರ ಬಳಿಗೆ ಹೋಗಿ, ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೆ. ಅವರು ಊಟ ಮಾಡಿ ಅಡಿಕೆ ಕತ್ತರಿಸುತ್ತಿದ್ದರು.

"ಆಕಿಗೆ ರೋಗ ಇಲ್ಲ ಅಂತ ಸಿದ್ಧ ಆತೇನು?"

"ಇಲ್ರಿ. ಐತಿ ಅಂತ ಸಿದ್ಧ ಆಗಿಲ್ಲ, ಅಷ್ಟ."

"ಮತ್ತ? ನಾಳೆ ಆಕಿನ್ನ ವಾಪಸ್ ಕರಸ್ತಿ. ಇನ್ನೊಂದು ಹುಡುಗ ಸಾಯ್ತಾನ. ಅವನ ಅಪ್ಪ ಬಂದು ಯಾರನ್ನ ಕೇಳ್ತಾನ? ನನ್ನನ್ನೋ, ನಿನ್ನನ್ನೋ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚನ್ನವ್ವ ಪರೀಕ್ಷೆಗೆ ಒಪ್ಪಿಲ್ಲ. ಅವಳು ಹೋದ ಮೇಲೆ ಇನ್ನಿಬ್ಬರು ಹುಡುಗರು ಮಲಗಿದ್ದರು ನಿಜ. ಆದರೆ ಈ ಜ್ವರ ಹೊಕ್ಕ ಮೇಲೆ ಕಾಣಿಸಿಕೊಳ್ಳಲು ಎರಡು ವಾರ ಬೇಕು. ಅವಳಿದ್ದಾಗಲೇ ಹೊಕ್ಕಿರಬಹುದು. ನನ್ನ ಕೆಂಪು ಚುಕ್ಕೆಗಳು ಅವಳನ್ನು ತಪ್ಪಿತಸ್ಥೆ ಎನ್ನಲಾರವು, ನಿರಪರಾಧಿ ಎಂದೂ ಹೇಳಲಾರವು. ಆದರೂ ಮಾಡದ ರುಜುವಾತಿನ ಮೇಲೆ ಒಬ್ಬಳ ಕೈನೀರು ಊರಿಗೆ ಬೇಡವಾಗಿತ್ತು. ದೊಡ್ಡ ಡಾಕ್ಟರ ಅಪ್ಪಣೆ ಕೇಳದೆಯೇ ಮೋಟಾರು ಹತ್ತಿ ಹುಕ್ಕೇರಿಗೆ ಹೋದೆ.

ಹಿರೇಮಠ ಮಾಸ್ತರು ಪೂರ್ತಿ ಕೇಳಿಸಿಕೊಂಡು, "ಸಾಹೇಬ್ರ, ಚಲೋ ಆಟ ಹೂಡೀರಿ" ಎಂದರು. "ತಗೀರಿ ಅಂದ್ರಿ, ತಗದ್ವಿ. ಹೊಸಾ ಅಡಿಗ್ಯಾಂವ ಮಾಡಿದ್ದು ಹುಡುಗರು ಬಾಯಾಗ ಇಡವಲ್ರು. ಈಗ ಹೆಂಡಿ ಅಂತೀರಿ. ನಾಳೆ ಮತ್ತೇನು ಅಂತೀರಿ?" ಆದರೂ ಗಾಡಿ ಕಳಿಸಿದರು.

ಮರುದಿನ ಮುಂಜಾನೆ ಚನ್ನವ್ವ ಬಂದಳು. ತಲೆಬಾಗಿಲ ಹೊರಗೆ, ಗಂಟು ಹಿಡಿದು ನಿಂತಳು. ಒಳಗೆ ಕಾಲಿಡಲಿಲ್ಲ. ಜ್ವರವಿಲ್ಲದ ಹುಡುಗರೆಲ್ಲ ಅಂಗಳದಲ್ಲಿ ನೆರೆದಿದ್ದರು. ನಾನು ಹೆಂಡಿಯ ವಿಷಯ ಹೇಳಿದೆ, ತಪ್ಪಾಯಿತೆಂದೂ ಹೇಳಿದೆ.

"ತಪ್ಪಾತು ಅಂತ ಇಲ್ಲಿ ಹೇಳಿದ್ರ ನಮ್ಮೂರ ಬಾವಿಗಿ ಕೇಳಸ್ತೈತೇನ್ರಿ?" ಎಂದಳು. "ಹುಡುಗರ ಮುಂದ ನನ್ನ ಕೈಯಾಗಿನ ನೀರು ಕುಡೀರಿ. ಮ್ಯಾಲಿಂದ ಸುರಕೋಬ್ಯಾಡ್ರಿ. ತುಟಿ ಹಚ್ಚಿ ಕುಡೀರಿ. ಇವರು ನೋಡಿ ತಮ್ಮ ತಮ್ಮ ಊರಾಗ ಹೇಳ್ತಾರ. ಆವಾಗ ಒಳಗ ಬರ್ತೇನಿ."

"ಆತ್ರಿ, ಅಷ್ಟ ತಾನ" ಎಂದರು ಮಾಸ್ತರು. ಅವರಿಗೆ ಅದು ಅಷ್ಟೇ. ನನಗೆ ಮಾತ್ರ ಹಿಂದಿನ ದಿನ ಡಾಕ್ಟರು ಕೇಳಿದ ಪ್ರಶ್ನೆ ಕಿವಿಯಲ್ಲಿತ್ತು. ಸಿದ್ಧ ಆತೇನು? ಇಲ್ಲ. ಅವಳು ಬಾವಿಕಟ್ಟೆಗೆ ಹೋಗಿ ಹಗ್ಗ ಜಗ್ಗಿದಳು. ಕೊಡದ ನೀರನ್ನು ತಂಬಿಗೆಗೆ ಬಗ್ಗಿಸುವಾಗ ಅವಳ ಹೆಬ್ಬೆರಳು ನೀರಿನೊಳಗೆ ಇದ್ದುದನ್ನು ನೋಡಿದೆ. ಹಗ್ಗದ ಹಸಿ ತುದಿ ಕೊಡದೊಳಗೆ ಇಳಿದಿದ್ದನ್ನೂ ಆಗಲೇ ಮೊದಲ ಸಲ ನೋಡಿದೆ. ಪಾಯಖಾನೆಯಿಂದ ಬಂದ ಪ್ರತಿಯೊಬ್ಬ ಹುಡುಗನೂ ಅದೇ ಹಗ್ಗ ಹಿಡಿಯುತ್ತಾನೆ. ಅದೇ ಹಗ್ಗ ಕುಡಿಯುವ ನೀರಿನಲ್ಲಿ ಮುಳುಗುತ್ತದೆ. ಅವಳು ತಂಬಿಗೆಯನ್ನು ನನ್ನ ಕೈಯಲ್ಲಿಟ್ಟಳು. ಹಿತ್ತಾಳೆಯ ತಂಪು ನನಗೆ ಈಗಲೂ ನೆನಪಿದೆ. ಸ್ವಲ್ಪ ಹೊತ್ತು ಆಚೆ ತಿರುಗಿ ಕನ್ನಡಕ ಒರೆಸಿಕೊಂಡದ್ದೂ ನೆನಪಿದೆ. ಆಮೇಲೆ ಕುಡಿದೆ. ತುಟಿ ಹಚ್ಚಿಯೇ ಕುಡಿದೆ.

ಅಂದು ಮಾಸ್ತರಿಗೆ ಹಗ್ಗ ತೆಗೆಸಿ ಸರಪಳಿ ಹಾಕಿಸಲು, ಕುಡಿಯುವ ನೀರಿಗೆ ಬೇರೆ ಕೊಡ ಇಡಿಸಲು ಹೇಳಿ ಗೋಕಾಕಕ್ಕೆ ಮರಳಿದೆ. ಮುಂದಿನ ತಿಂಗಳಿಗೆ ಹೊಸದಾಗಿ ಯಾರೂ ಮಲಗಲಿಲ್ಲ. ಹಗ್ಗದಿಂದಲೇ ಜ್ವರ ಬಂತೆಂದು ನಾನು ಹೇಳಲಾರೆ. ಒರೆಸುವ ಮೊದಲೇ ಅದನ್ನು ಸುಟ್ಟುಬಿಟ್ಟಿದ್ದರು. ಜ್ವರ ತಾನಾಗಿಯೇ ಇಳಿಯುವ ಹೊತ್ತು ಬಂದಿರಲೂಬಹುದು. ನಾಗನೂರಿನ ಆ ರೈತನಿಗೆ ನಾನು ಏನನ್ನೂ ಹೇಳಿ ಕಳಿಸಲಿಲ್ಲ. ಆ ಮೇಲೆ ಪದ್ಧತಿ ಬದಲಾಯಿತು. ಮುಂಚಿತವಾಗಿ ಕಾಗದ ಕಳಿಸುವುದನ್ನು ನಿಲ್ಲಿಸಿದೆ. ಯಾವ ಊರಿಗೆ ಹೋದರೂ ಹೋಲಿಸಿ ನೋಡಲು ಜ್ವರವಿಲ್ಲದ ಒಂದು ಮನೆಯ ಚಿಲಕವನ್ನೂ ಒರೆಸಿ ತರತೊಡಗಿದೆ. ಕೆಲವು ತಿಂಗಳಿಗೆ ನನ್ನನ್ನು ಬೇರೆ ಜಿಲ್ಲೆಗೆ ಹಾಕಿದರು.

ಇಲ್ಲಿಗೆ ಕಥೆಯನ್ನು ನಾನು ಹೀಗೆ ಮುಗಿಸುತ್ತಿದ್ದೆ: ಸಾಹೇಬ ನೀರು ಕುಡಿದ, ಚನ್ನವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸಭೆಗಳಲ್ಲಿ ಹೇಳಿದ್ದೂ ಹೀಗೆಯೇ.

ತಮ್ಮನ ಮಗಳಿಗೆ ಬರೆದು ಕೊಡಲು ಕೂತಾಗ, ಒಲೆ ಹೊತ್ತಿಸಿದ್ದನ್ನು ನಾನು ಕಣ್ಣಾರೆ ಕಂಡೆನೇ ಎಂದು ಸಂಶಯ ಬಂತು. ಆ ಬೋರ್ಡಿಂಗಿನಲ್ಲಿದ್ದ ಹುಡುಗನೊಬ್ಬ ಈಗ ಮೂಡಲಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆಂದು ತಿಳಿದು ಹೋದೆ. ಅವನ ಹೆಸರು ಸಿದ್ರಾಮಪ್ಪ. ಕೂದಲು ನೆರೆತಿದೆ. ನಾನು ಯಾರೆಂದು ಹೇಳಿದಾಗ ತಕ್ಕಡಿ ಕೆಳಗಿಟ್ಟ.

"ನೀರು ಕುಡದಿದ್ದು ಖರೆರಿ" ಎಂದ. "ಆದ್ರ ಆ ಕಡೆ ತಿರಗಿ, ಕಿಸೆದಾಗಿಂದ ಸಣ್ಣ ಸೀಸೆ ತಗದು, ಏನೋ ಹಳ್ಳು ಹಾಕಿದ್ರಿ. ನಾವು ಬಾಜೂಕ ಇದ್ದವ್ರು ನೋಡಿದ್ವಿ. ನೀರು ಗುಲಾಲಿ ಆತು. ಕನ್ನಡಕಾ ಒರಸಕೋತ ಹೊತ್ತು ಕಳದು, ಆಮ್ಯಾಲೆ ಕುಡದ್ರಿ. ತುಟಿ ಎಲ್ಲಾ ಗುಲಾಲಿ ಆಗಿತ್ರಿ ನಿಮ್ದು."

ಪೊಟ್ಯಾಶ್ ಪರ್ಮಾಂಗನೇಟಿನ ಹರಳು. ನೀರಿಗೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ನೀರು ಶುದ್ಧ ಮಾಡಿಕೊಳ್ಳಲೆಂದು ಹಳ್ಳಿ ತಿರುಗುವ ನಮಗೆಲ್ಲ ಅದರ ಸೀಸೆ ಕೊಟ್ಟಿದ್ದರು.

"ಚನ್ನವ್ವ?"

"ಒಳಗೆಲ್ಲಿ ಬಂದ್ಲರಿ? ತಂಬಿಗಿ ಇಸಕೊಂಡು, ಉಳದದ್ದು ನಿಮ್ಮ ಕಾಲ ಮುಂದ ಚೆಲ್ಲಿ, ಗಂಟು ಎತ್ಕೊಂಡು ಹೊಂಟ್ಲು. ಮಾಸ್ತರು ಗಾಡಿ ತನಕಾ ಹಿಂದ ಹೋದ್ರು. ತಿರಗಿ ನೋಡಲಿಲ್ಲ ಆಕಿ."

ನನಗೆ ಇದರಲ್ಲಿ ಒಂದೂ ನೆನಪಿಲ್ಲ. ಒಬ್ಬನ ಸಾಕ್ಷಿ ರುಜುವಾತಲ್ಲ ಎಂದುಕೊಂಡು, ಮುಂದಿನ ವಾರ ಬೆಲ್ಲದ ಬಾಗೇವಾಡಿಗೆ ಹೋದೆ. ಚನ್ನವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವಳ ತಂಗಿಯ ಮಗಳು ಮನೆಯಲ್ಲಿದ್ದಳು. ಸಿದ್ರಾಮಪ್ಪನ ಪರಿಚಯ ಅವಳಿಗಿಲ್ಲ, ಅದನ್ನು ಮೊದಲೇ ಕೇಳಿಕೊಂಡೆ. ಹಿಂದೆ ಗೋಕಾಕದ ಪ್ರಯೋಗಾಲಯದಲ್ಲಿದ್ದವನು ನಾನು ಎಂದಷ್ಟೇ ಹೇಳಿದೆ. ನೀರಿನ ವಿಷಯ ಎತ್ತಲಿಲ್ಲ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

"ಗುಲಾಲಿ ನೀರಿನ ಸಾಹೇಬ್ರು ನೀವ ಏನ್ರಿ?"